ಇಳಕಲ್ಲಿನಲ್ಲಿ ನನ್ನ ನಾದಿನಿ ಎದ್ದು ನಿಂತದ್ದು

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನನಗೆ ನಾಟಕದಲ್ಲಿ ಒಂದು ಪಾರ್ಟು ಸಿಕ್ಕಿತು. ಕೇಳಿ ಪಡೆದದ್ದಲ್ಲ. ಸಿಕ್ಕ ಮೇಲೆ ಮಾತ್ರ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಮನೆ ಬಾಗಲಕೋಟೆಯ ನವನಗರದಲ್ಲಿ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು ನಾನು. ವಿಶ್ವವಿದ್ಯಾಲಯದ ನಾಟಕ ವಿಭಾಗದವರು ಪ್ರತಿ ಚಳಿಗಾಲ ಒಂದು ಸೀಸನ್ ನಡೆಸುತ್ತಾರೆ. ಒಂದು ನಗೆನಾಟಕ, ಒಂದು ನೃತ್ಯ, ಹೊರಗಿನಿಂದ ಕರೆಸಿದ ತಂಡದ್ದೊಂದು, ಕೊನೆಗೆ ವಿದ್ಯಾರ್ಥಿಗಳು ತಾವೇ ಕೂಡಿ ಕಟ್ಟಿದ್ದು. ಕೊನೆಯದನ್ನು ಸುತ್ತಲಿನ ಊರುಗಳಲ್ಲಿ ಆಡಿ, ಆಮೇಲೆ ತಮ್ಮ ರಂಗಮಂದಿರದಲ್ಲಿ ಮುಕ್ತಾಯ ಮಾಡುವುದು ರೂಢಿ. ಆ ವರ್ಷದ ನಾಟಕದಲ್ಲಿ ಹಿನ್ನೀರಿಗೆ ಮುಳುಗಲಿರುವ ಒಂದು ಹಳ್ಳಿ ಇತ್ತು, ಮನೆ ಮನೆಗೆ ಬಂದು ಜನರ ಹೆಸರು ಬರೆದುಕೊಳ್ಳುವ ಒಬ್ಬ ಸರ್ವೇ ಸಾಹೇಬ ಇದ್ದ.

ನಿರ್ದೇಶಕ ನನ್ನ ಹಳೆಯ ಸ್ಟೂಡೆಂಟ್. ಮನೆಗೆ ಬಂದು ಚಹಾ ಕುಡಿದು ಹೇಳಿದ:

"ಮಿಸ್, ಹುಡುಗೀರ ತಲಿಗೆ ಪೌಡರ್ ಸುರದು ಮುದುಕಿ ಮಾಡೂದು ಸಾಕಾಗೇತ್ರಿ. ಈ ಸಲ ನಮಗ ಖರೇ ಮುದುಕಿ ಬೇಕು."

"ವೆರಿ ಫ್ಲ್ಯಾಟರಿಂಗ್," ಎಂದೆ. "ಊರಾಗ ಬ್ಯಾರೆ ಯಾರೂ ಸಿಗಲಿಲ್ಲೇನು?"

"ಸಿಕ್ಕಾರ್ರಿ. ಅವರಿಗೆಲ್ಲಾ ಸಂಜಿ ಸೀರಿಯಲ್ ಬಿಡಾಕಾಗಂಗಿಲ್ಲ."

ನನ್ನದು ಏಳು ನಿಮಿಷದ ಸೀನ್. ಸಾಹೇಬ ಬಂದು ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳುತ್ತಾನೆ. ಮುದುಕಿ ಕೇರುತ್ತಿದ್ದ ಮೊರ ಕೆಳಗಿಟ್ಟು, "ಬರಕೋರಿ ಸಾಹೇಬ್ರ, ನನಗ ಯಾರೂ ಇಲ್ಲ" ಎನ್ನುತ್ತಾಳೆ. ಅಷ್ಟೇ. "ಆ ಮಾತ ಆದಮ್ಯಾಲ ಹತ್ತು ಎಣಸೂಮಟಾ ಯಾರೂ ಉಸರ ಬಿಡಬಾರ್ದರಿ ಮಿಸ್," ಎಂದು ನಿರ್ದೇಶಕ ದಿನಾ ಹೇಳುತ್ತಿದ್ದ. "ಇಡೀ ನಾಟಕ ಆ ಹತ್ತರಾಗ ಐತಿ."

ನಾನು ಓದಿದ ಕಾನ್ವೆಂಟಿನಲ್ಲಿ ಪ್ರತಿ ಆನ್ಯುಯಲ್ ಡೇಗೆ ನಾಟಕ ಇರುತ್ತಿತ್ತು. ನನ್ನ ಇಂಗ್ಲಿಷಿನಲ್ಲಿ ರೊಟ್ಟಿ ಬಡಿದ ಸಪ್ಪಳ ಕೇಳುತ್ತದೆ ಎಂದು ಸಿಸ್ಟರ್ ಒಬ್ಬರು ನನ್ನ ಕೈಗೆ ಪರದೆಯ ಹಗ್ಗ ಕೊಟ್ಟರು. ಎಂಟು ವರ್ಷ ಎಳೆದೆ. ಎಲೊಕ್ಯೂಷನ್ ಕ್ಲಾಸು ಮಾತ್ರ ತಪ್ಪಿಸಲಿಲ್ಲ. ಕೊನೆಗೆ ನಾಲಿಗೆ ತಿದ್ದಿಕೊಂಡಿತು, ಎಷ್ಟರ ಮಟ್ಟಿಗೆಂದರೆ ಈಗ ನನ್ನ ಕನ್ನಡವೂ ಇಸ್ತ್ರಿ ಮಾಡಿದ ಹಾಗೆ ಬರುತ್ತದೆ.

ಅದು ಬಾದಾಮಿಯಲ್ಲಿ ಗೊತ್ತಾಯಿತು. ಮೊದಲ ಪ್ರದರ್ಶನ, ಬಯಲು ವೇದಿಕೆ, ಸಂಜೆ ಆರೂವರೆ. ಮೊರ ಇಟ್ಟೆ, ಮಾತು ಹೇಳಿದೆ, ಮನಸ್ಸಿನಲ್ಲಿ ಒಂದು ಎಂದು ಎಣಿಸಿದೆ. ಎರಡಕ್ಕೆ ಮುಂಚೆ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳಿದ್ದು ಸ್ಟೇಜಿನ ತನಕ ಬಂತು:

"ಈಕಿ ಮುದುಕಿ ಅಲ್ಲ ಬಿಡಬೇ, ಸಾಲಿ ಅಕ್ಕೋರು. ಈಗ ಹಾಜರಿ ತಗೋತಾಳ ನೋಡ."

ಜನ ನಕ್ಕರು. ಅವಳ ಮಾತೇನೂ ತಪ್ಪಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಮರಳುವಾಗ ನಿರ್ದೇಶಕ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ. ಸುತ್ತಿ ಬಳಸಿ ಹೇಳುವ ಹುಡುಗನಲ್ಲ. ಹುನಗುಂದ, ಇಳಕಲ್ ಎರಡು ಪ್ರದರ್ಶನ ಉಳಿದಿವೆ. ಅಷ್ಟರಲ್ಲಿ ಆ ಮೌನ ಬರದಿದ್ದರೆ ಮುಕ್ತಾಯದ ಸಂಜೆ ಪಾರ್ಟು ಗುಡೂರಿನ ಹುಡುಗಿಗೆ. ಅವಳು ಎಂ.ಎ. ವಿದ್ಯಾರ್ಥಿನಿ. ನಾಟಕದಲ್ಲಿ ಸಾಹೇಬನ ಕಾರಕೂನಳಾಗಿ ನನ್ನ ಎದುರಿಗೇ ನಿಲ್ಲುವುದರಿಂದ ನನ್ನ ಸೀನೆಲ್ಲ ಅವಳಿಗೆ ಬಾಯಿಪಾಠ.

"ಮಿಸ್, ಸಿಟ್ಟ ಮಾಡಬ್ಯಾಡ್ರಿ," ಎಂದಳು ಅವಳು ಮುಂದಿನ ಸೀಟಿನಿಂದ ತಿರುಗಿ. "ನೀವು ಹೇಳೂದು ಕೇಳಿದ್ರ, ಯಾರೂ ಇಲ್ಲಂದ್ರ ಏನಾತು, ಪೆನ್ಶನ್ ಐತಲ್ಲ ಅನ್ನಸ್ತೇತಿ."

ನನಗೆ ಅವಳು ಹಿಡಿಸುತ್ತಿದ್ದಳು. ಆದರೂ ಅವಳು ಆ ಸೀನ್ ಮಾಡುವುದನ್ನು ನೆನೆದರೆ ಹೊಟ್ಟೆಕಿಚ್ಚಾಗುತ್ತಿತ್ತು. ಅಟ್ ಮೈ ಏಜ್! ಬೆಳಿಗ್ಗೆ ಅಡುಗೆಮನೆಯಲ್ಲಿ ಕುಕ್ಕರಿಗೆ, ಫ್ರಿಜ್ಜಿಗೆ ನನಗೆ ಯಾರೂ ಇಲ್ಲವೆಂದು ಹೇಳಿ ಅಭ್ಯಾಸ ಮಾಡಿದೆ. ಹುನಗುಂದದಲ್ಲಿ ನಾಲ್ಕರ ತನಕ ಎಣಿಸಲು ಸಾಧ್ಯವಾಯಿತು. ಐದಕ್ಕೆ ಯಾರೋ ಶೇಂಗಾ ಒಡೆದರು.

ಇಳಕಲ್ಲಿನಲ್ಲಿ ನನ್ನ ನಾದಿನಿ ಇದ್ದಾಳೆ, ತೀರಿಹೋದ ನನ್ನ ಯಜಮಾನರ ತಂಗಿ. ನನಗೆ ಮಕ್ಕಳಿಲ್ಲ. ಹಬ್ಬ ಅಂದರೆ ಅವಳ ಮನೆ, ಜ್ವರ ಬಂದರೆ ಬಸ್ಸು ಹತ್ತಿ ಬರುವವಳೂ ಅವಳೇ. ನಾನು ನಾಟಕದಲ್ಲಿದ್ದೇನೆ ಎಂದು ಓಣಿಗೆಲ್ಲ ಹೇಳಿ, ಎರಡು ಸಾಲು ಹೆಂಗಸರನ್ನು ಕರೆತಂದಿದ್ದಳು.

ನಮ್ಮ ಕಡೆಯ ನಾಟಕಗಳಲ್ಲಿ ಆಯೇರಿ ಎಂಬುದಿದೆ. ಒಳ್ಳೆಯ ಮಾತು ಬಂದಾಗ ನಟನ ಬೀಗರೋ ಬಂಧುಗಳೋ ಸೀದಾ ವೇದಿಕೆ ಹತ್ತಿ ಬಟ್ಟೆ ಹೊದಿಸುತ್ತಾರೆ. ನಾಟಕ ನಿಲ್ಲುತ್ತದೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ, ಸತ್ತವನಿಗೂ ಎದ್ದು ಕೂತು ಹೊದಿಸಿಕೊಳ್ಳುವ ಸವಲತ್ತಿದೆ. ನಿರ್ದೇಶಕನಿಗೆ ಇದು ಸುತರಾಂ ಆಗದು. ಪ್ರತಿ ಊರಿನಲ್ಲೂ ಮೊದಲೇ ಅನೌನ್ಸ್ ಮಾಡಿಸುತ್ತಿದ್ದ: "ಪ್ರೇಕ್ಷಕರು ಯಾವುದೇ ಕಾರಣಕ್ಕೂ ವೇದಿಕೆಯನ್ನು ಏರಬಾರದಾಗಿ ವಿನಂತಿ." ಅದನ್ನು ನಾದಿನಿಯೂ ಕೇಳಿದ್ದಾಳೆ. "ಅದು ಮಂದಿಗಲ್ಲೇನ್ರಿ ಹೇಳಿದ್ದು? ನಾವೇನ ಮಂದೀನು?" ಎಂದು ಆಮೇಲೆ ನನ್ನನ್ನೇ ಕೇಳಿದಳು.

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಮೊರ ಇಟ್ಟೆ. "ಬರಕೋರಿ ಸಾಹೇಬ್ರ, ನನಗ ಯಾರೂ ಇಲ್ಲ." ದನಿ ತಾನಾಗಿ ಕೆಳಗಿಳಿದಿತ್ತು, ಅಂಗಳವೆಲ್ಲ ಸುಮ್ಮನಾಗಿತ್ತು. ಐದು, ಆರು. ಈ ಸಲ ಬಂತು ಎಂದುಕೊಂಡೆ. ಏಳಕ್ಕೆ ಮುಂದಿನ ಸಾಲಿನಲ್ಲಿ ನಾದಿನಿ ಎದ್ದು ನಿಂತಳು.

"ಯಾಕ್ರಿ ವೈನಿ, ನಾವಿಲ್ಲೇನ್ರಿ?"

ನಾಟಕವೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆಯೇರಿಗೆ ನನ್ನ ಒಂದು ಒಳ್ಳೆಯ ಮಾತಿಗಾಗಿ ಕಾದಿದ್ದಾಳೆ, ನನಗಿರುವುದು ಅದೊಂದೇ ಮಾತು, ಮತ್ತು ಆ ಮಾತಿಗೆ ಓಣಿಯವರೆದುರು ಉತ್ತರ ಕೊಡದೆ ಕೂರುವುದು ಅವಳಿಂದ ಆಗಲಿಲ್ಲ. ಚೀಲದಿಂದ ಕೆಂಪು ಸೆರಗಿನ ಹೊಸ ಸೀರೆ ತೆಗೆದು, ಮೆಟ್ಟಿಲು ಹತ್ತಿ ಬಂದು ನನ್ನ ಹೆಗಲಿಗೆ ಹಾಕಿದಳು. ಎರಡು ಸಾಲಿನ ಹೆಂಗಸರು ಚಪ್ಪಾಳೆ ಹೊಡೆದರು. ಸರ್ವೇ ಸಾಹೇಬನೂ ಹೊಡೆದ. ನಾನು ಏನು ಮಾಡಿದೆ? ಸಭೆಗೆ ಕೈ ಮುಗಿದೆ. ಆಯೇರಿ ಹಾಕಿಸಿಕೊಂಡವರು ಹಾಗೇ ಮಾಡಬೇಕು.

ಬಸ್ಸಿನಲ್ಲಿ ನಿರ್ದೇಶಕ ಮತ್ತೆ ನನ್ನ ಪಕ್ಕ ಕುಳಿತ. "ಆರರತನಾ ಪರ್ಫೆಕ್ಟ್ ಇತ್ರಿ ಮಿಸ್," ಎಂದ. "ಪಾರ್ಟ್ ನಿಮ್ದ. ಆದ್ರ ಅವರು ಮುಕ್ತಾಯಕ್ಕ ಬರ್ತಾರೇನ್ರಿ?"

"ಬರ್ತಾಳ. ಜೀಪ್ ಹೇಳ್ಯಾಳ."

"ಹಂಗಾರ ಗುಡೂರಾಕಿ ಮಾಡ್ಲಿ. ಇಲ್ಲಾ, ಅವರಿಗೆ ಬರಬ್ಯಾಡ ಅನ್ರಿ. ಎರಡರಾಗ ಒಂದು, ನೀವ ಹೇಳ್ರಿ."

ಗುಡೂರಿನ ಹುಡುಗಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ನಾಳೆ ಹೇಳುತ್ತೇನೆ ಎಂದೆ.

ಮರುದಿನ ಮಧ್ಯಾಹ್ನ ನಾದಿನಿಗೆ ಫೋನ್ ಮಾಡಿದೆ. ಅವಳು ಎತ್ತಿದವಳೇ, ಜೀಪಿನಲ್ಲಿ ಏಳು ಮಂದಿ ಆಗಿದ್ದೇವೆ, ಕಡುಬು ಆಗಲೇ ಮಾಡಿಟ್ಟಿದ್ದೇನೆ, ಕಟ್ಟಿಕೊಂಡು ಬರುತ್ತೇವೆ, ನಿಮ್ಮ ಸಾಹೇಬ ಹುಡುಗ ಸಣಕಲಾಗಿದ್ದಾನೆ, ಅವನಿಗೂ ಎರಡು ತಿನಿಸಬೇಕು ಎಂದು ಹೇಳುತ್ತ ಹೋದಳು. ನಾನು ನಡುವೆ ಬಾಯಿ ಹಾಕಿದೆ.

"ಈ ಸಲ ನೀ ಬರಬ್ಯಾಡವಾ."

ಅವಳು ಕೇಳಿದಳು: "ಯಾಕ್ರಿ ವೈನಿ, ಜಾಗಾ ಇಲ್ಲೇನ್ರಿ?"

ಉತ್ತರವನ್ನು ಅವಳೇ ನನ್ನ ಕೈಗೆ ಕೊಟ್ಟಿದ್ದಳು. "ಹೂಂ," ಎಂದೆ. "ಸೀಟೆಲ್ಲಾ ಫುಲ್ ಆಗ್ಯಾವ."

"ಆತ್ ಬಿಡ್ರಿ. ಜೀಪಿನಾಂವಗ ಬ್ಯಾಡ ಅಂತೇನಿ."

ಮುಕ್ತಾಯದ ಸಂಜೆ ಊರಿನಲ್ಲಿ ಎರಡು ಮದುವೆ, ಮೇಲೆ ಟಿ.ವಿ.ಯಲ್ಲಿ ಕ್ರಿಕೆಟ್. ಮುಂದಿನ ಸಾಲಿನಲ್ಲಿ ಪ್ರೊಫೆಸರರು ಇದ್ದರು; ಅವರ ಹಿಂದಿನ ಎರಡು ಸಾಲು ಉದ್ದಕ್ಕೂ ಖಾಲಿ. ಸ್ಟೇಜಿನ ಬೆಳಕು ಅಲ್ಲಿಯವರೆಗೆ ಬೀಳುತ್ತಿತ್ತು, ಕೆಂಪು ರೆಕ್ಸಿನ್ ಕುರ್ಚಿಗಳು ಒಂದೊಂದೂ ಕಾಣುತ್ತಿದ್ದವು. ಎಷ್ಟು ಮಂದಿ ಎಂದು ಸಾಹೇಬ ಕೇಳಿದ. ಮೊರ ಕೆಳಗಿಟ್ಟೆ. ಎಲ್ಲಿ ನೋಡಬೇಕೆಂದು ರಿಹರ್ಸಲ್‌ನಲ್ಲಿ ಹೇಳಿಕೊಟ್ಟಿದ್ದರೂ ನಾನು ಆ ಖಾಲಿ ಕುರ್ಚಿಗಳನ್ನು ನೋಡಿ ಹೇಳಿದೆ. ಎಣಿಸಲು ಮರೆತೆ. ಕಾರಕೂನಳ ವೇಷದಲ್ಲಿದ್ದ ಗುಡೂರಿನ ಹುಡುಗಿ ಎಣಿಸಿದಳಂತೆ. ಹದಿನಾಲ್ಕು.

ನಿರ್ದೇಶಕ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಪ್ರೊಫೆಸರರೊಬ್ಬರು ಸಟಲ್ ಎಂದರು, ರಿಸ್ಟ್ರೇನ್ಡ್ ಎಂದರು. ನಾನು ಥ್ಯಾಂಕ್ಯೂ ಎಂದೆ.

ನಾದಿನಿ ಎರಡು ದಿನ ಬಿಟ್ಟು ಫೋನ್ ಮಾಡಿದಳು.

"ಹೆಂಗಾತ್ರಿ ವೈನಿ?"

"ಚೊಲೋ ಆತು."

"ಮಂದಿ ಭಾಳ ಬಂದಿದ್ರೇನ್ರಿ?"

"ಹೂಂ. ನಿಂದರಾಕ ಜಾಗಾ ಇರಲಿಲ್ಲ."

"ಹಂಗಾರ ನಾವ ಬರದಿದ್ದ ಚೊಲೋನ ಆತ್ ಬಿಡ್ರಿ," ಎಂದಳು. ಆಮೇಲೆ, ಮಾಡಿದ ಕಡುಬು ನಾಲ್ಕು ಮನೆಗೆ ಹಂಚಿದ್ದನ್ನು ಹೇಳಿದಳು.