ಏಳು ಗೇಟುಗಳ ಭೀಮಕ್ಕ

ಬೆಳಕು ಹರಿಯುವ ಮೊದಲು ತ್ಯಾವಣಿಗೆ ಸಮೀಪದ ನಾಲೆ ಏರಿಯ ಮೇಲೆ ಕಪ್ಪೆಗಳನ್ನು ಬಿಟ್ಟರೆ ಎಚ್ಚರ ಇರುವವರು ಭೀಮಕ್ಕ ಒಬ್ಬರೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಾವರಿ ಕಚೇರಿಯ ಬೀಗ ತೆಗೆಯುತ್ತಾರೆ, ಲಾಟೀನನ್ನು ಮೊಳೆಗೆ ತೂಗುಹಾಕುತ್ತಾರೆ, ಗೋಡೆಗೆ ಬಿಗಿದ ಮರದ ಫೋನ್ ಪೆಟ್ಟಿಗೆಯ ಮುಂದೆ ನಿಂತು ಹಿಡಿಕೆ ತಿರುಗಿಸುತ್ತಾರೆ. ಅಂಚೆ ಕಚೇರಿಯ ಫೋನಿಗೂ ಇದಕ್ಕೂ ಸಂಬಂಧವಿಲ್ಲ. ನಾಲೆಯ ನೀರನ್ನು ಹೆಚ್ಚು ಕಡಿಮೆ ಮಾಡಲೆಂದೇ ಏರಿಯ ಗುಂಟ ಎಳೆದ ತಂತಿ ಇದು. ಏಳು ಗೇಟುಗಳಲ್ಲಿ ಏಳು ಪೆಟ್ಟಿಗೆಗಳು, ಎಲ್ಲಕ್ಕೂ ಒಂದೇ ತಂತಿ. ಒಂದು ಸಲ ಗಂಟೆ ಹೊಡೆದರೆ ಒಂದನೇ ಗೇಟಿನ ಸೌಡಿ ಫೋನೆತ್ತಬೇಕು, ಏಳು ಸಲ ಹೊಡೆದರೆ ಏಳನೆಯವನು. ಗೇಟು ಕಾಯುವವರನ್ನು ಈ ಕಡೆ ಸೌಡಿ ಎನ್ನುತ್ತಾರೆ.

1984ರ ಆಗಸ್ಟ್. ಇಡೀ ರಾತ್ರಿ ಮಳೆ ಹೊಡೆದಿದೆ. ಒಂದನೇ ಗೇಟು ಕೆಮ್ಮುತ್ತಾ ಓಗೊಡುತ್ತದೆ, ಎರಡನೆಯದು ಆಕಳಿಸುತ್ತದೆ. ಮೂರು, ನಾಲ್ಕು, ಐದು, ಎಲ್ಲರೂ ಇದ್ದಾರೆ. ಆರನೇ ಗೇಟು ಮಾತ್ರ ಸುಮ್ಮನಿದೆ. ಭೀಮಕ್ಕ ಮತ್ತೊಮ್ಮೆ ಹಿಡಿಕೆ ತಿರುಗಿಸುತ್ತಾರೆ. ಕೊನೆಯ ಗೇಟಿನ ನಾಗರಾಜಪ್ಪ ತಾವಾಗಿಯೇ ಫೋನೆತ್ತಿ, ಆರನೆಯವರನ್ನು ತಾವೂ ಕರೆದು ನೋಡಿದ್ದಾಗಿ, ಉತ್ತರವಿಲ್ಲವೆಂದು ಹೇಳುತ್ತಾರೆ. ಅಲ್ಲಿಗೆ ಭೀಮಕ್ಕನಿಗೆ ಅರ್ಧ ಗೊತ್ತಾಯಿತು. ದೊಡ್ಡ ತಂತಿ ಸರಿಯಾಗಿದೆ, ಇಲ್ಲದಿದ್ದರೆ ಏಳನೆಯವರ ದನಿ ಇಲ್ಲಿಗೆ ಬರುತ್ತಿರಲಿಲ್ಲ. ನಾಲೆ ಬಳಸಿ ಹೋಗುವ ಕಡೆ ಆರನೇ ಗೇಟಿಗೆ ದೂರದಿಂದಲೇ ಕವಲೊಡೆದು ಹೋಗುವ ತಂತಿಯೇ ಎಲ್ಲೋ ಕಡಿದಿದೆ. ಇಲ್ಲವೇ ಅಲ್ಲಿರುವ ಮನುಷ್ಯನಿಗೇ ಏನೋ ಆಗಿದೆ.

ಲೈನ್‌ಮನ್ ಮಾರಪ್ಪನನ್ನು ಎಬ್ಬಿಸಿ ಸೈಕಲ್ ಹತ್ತಿಸುತ್ತಾರೆ. ಅವನು ಚಹಾ ಕುಡಿದು ಹೋಗುತ್ತೇನೆಂದು ಗೊಣಗಿದ್ದಕ್ಕೆ, ಬಂದು ಕುಡಿ, ಎರಡು ಲೋಟ ಕೊಡುತ್ತೇನೆ ಎನ್ನುತ್ತಾರೆ. ಮಾತು ತಮಾಷೆಯದು, ಮುಖದಲ್ಲಿ ತಮಾಷೆಯಿಲ್ಲ. ಆರಕ್ಕೂ ಏಳಕ್ಕೂ ನಡುವೆ ಏರಿಯ ಕೆಳಗಿನ ತಗ್ಗಿನಲ್ಲಿ ಭತ್ತದ ನಾಟಿಗೆ ಬಂದ ಹೆಣ್ಣಾಳುಗಳ ಗುಡಿಸಲುಗಳಿವೆ. ಜಗಳೂರು ತಾಲ್ಲೂಕಿನ ಬಿಳಿಚೋಡು ಕಡೆಯವರು. ಅವರಲ್ಲಿ ಭೀಮಕ್ಕನ ಒಡಹುಟ್ಟಿದ ತಂಗಿ ಗಿಡ್ಡಮ್ಮ, ಅವಳ ಇಬ್ಬರು ಮಕ್ಕಳು ಇದ್ದಾರೆ. ನೀರು ಹತ್ತಿರ, ಗಾಳಿಗೆ ಮರೆ ಎಂದು ಆ ಜಾಗ ತೋರಿಸಿ ಗುಡಿಸಲು ಹಾಕಿಸಿದ್ದು ಭೀಮಕ್ಕನೇ.

ಭೀಮಕ್ಕ ಹುಟ್ಟಿದ್ದೂ ಬಿಳಿಚೋಡಿನಲ್ಲಿ. ಕೊಡ ಹೊತ್ತು ನೀರು ತರುವುದೇ ಅರ್ಧ ದಿನದ ಕೆಲಸವಾಗಿದ್ದ ಊರು ಅದು. ನ್ಯಾಮತಿಯ ತಿಪ್ಪೇಶಪ್ಪನನ್ನು ಮದುವೆಯಾಗಿ ಬಂದಾಗ, ಯಾರೂ ಹೊರದೆ ತಾನಾಗಿ ಹರಿದುಹೋಗುವ ನೀರನ್ನು ನೋಡಿ ಏರಿಯ ಮೇಲೆ ಸುಮ್ಮನೆ ಕೂತುಬಿಟ್ಟಿದ್ದರಂತೆ. ತಿಪ್ಪೇಶಪ್ಪ ಇದೇ ತಂತಿಯ ಲೈನ್‌ಮನ್. ಸಾಸ್ವೆಹಳ್ಳಿ ಕಡೆ ಕೆಲಸಕ್ಕೆ ಹೋದವರು ಕಾಮಾಲೆ ಹಿಡಿಸಿಕೊಂಡು ಬಂದರು, ಮತ್ತೆ ಮೇಲೇಳಲಿಲ್ಲ. ಗಂಡನ ಕೆಲಸದ ಬದಲಿಗೆ ಹೆಂಡತಿಗೆ ಫೋನಿನ ಕೆಲಸ ಸಿಕ್ಕಿತು. ಅದು ಎಪ್ಪತ್ತೈದನೇ ಇಸವಿ.

ಸಿಕ್ಕಿತು ಎಂದರೆ ಅಷ್ಟು ಸಲೀಸೇನಲ್ಲ. ದೊರೆಗಳು ಕೊಟ್ಟರೂ ಸೌಡಿಗಳು ಕೊಡಬೇಕಲ್ಲ. ಒಬ್ಬ ಹೆಂಗಸು, ಅದೂ ಊರಾಚೆ ಕೇರಿಯವಳು, ಗೇಟು ಇಳಿಸಿ ಏರಿಸಿ ಎಂದು ಹೇಳುವುದು ಅವರ ಕಿವಿಗೆ ಹಿಡಿಸಲಿಲ್ಲ. ಮೂರನೇ ಗೇಟಿನ ಬಸವರಾಜಪ್ಪ ಮೊದಲ ದಿನವೇ, ಯಾರಾದರೂ ಗಂಡಸರಿದ್ದರೆ ಫೋನ್ ಕೊಡು ಎಂದರು. ಬರುತ್ತಾರೆ, ಹಿಡಿದುಕೊಂಡೇ ಇರಿ ಎಂದು ಹೇಳಿ ಭೀಮಕ್ಕ ಒಲೆ ಹಚ್ಚಲು ಹೋದರು. ಬಸವರಾಜಪ್ಪ ಬಹಳ ಹೊತ್ತು ಹಿಡಿದುಕೊಂಡೇ ಇದ್ದರೆಂದು ಇಂದಿಗೂ ನಾಲೆಯುದ್ದಕ್ಕೂ ನಗುತ್ತಾರೆ. ಈಗ ಅವರ ಮನೆಯ ಮೊದಲ ಸೊಪ್ಪು ಬರುವುದು ಭೀಮಕ್ಕನ ಮನೆಗೇ.

ಫೋನಿನಲ್ಲಿ ಮಾತಾಡುವವರು ಯಾರು ಎಂಬ ಪ್ರಶ್ನೆ ನಗೆಯಲ್ಲಿ ಮುಗಿಯಲಿಲ್ಲ. ಮೂರು ವರ್ಷದ ಕೆಳಗೆ, ಬೇಸಿಗೆ ಬೆಳೆಯ ಹೊತ್ತಿನಲ್ಲಿ, ಯಾರೋ ಬೋಳು ತಂತಿಗೆ ಕಳ್ಳ ಫೋನ್ ಸಿಕ್ಕಿಸಿದರು. ಕಚೇರಿಯ ಸಾಹೇಬರಾದ ಷಣ್ಮುಖಪ್ಪನವರ ದನಿಯನ್ನೇ ಅನುಕರಿಸಿ, ಆರನೇ ಗೇಟಿನ ಸಣ್ಣಪ್ಪನಿಗೆ ಗೇಟು ಇಳಿಸಲು ಹೇಳಿದರು. ಸಣ್ಣಪ್ಪ ಇಳಿಸಿದರು. ಮೇಲಿನ ತೂಬುಗಳಿಗೆ ನೀರು ತುಂಬಿ ತುಳುಕಿತು, ಕೆಳಗಿನವರ ಸಸಿಮಡಿ ಒಣಗಿಹೋಯಿತು. ಕಳ್ಳ ಯಾರೆಂದು ಪತ್ತೆಯಾಗಲಿಲ್ಲ. ಪತ್ತೆಯಾದವರು ಸಣ್ಣಪ್ಪ ಮಾತ್ರ. ಅವರನ್ನು ಕೆಲಸದಿಂದ ಬಿಡಿಸಿ ತಿಂಗಳುಗಟ್ಟಲೆ ಮನೆಯಲ್ಲಿ ಕೂರಿಸಿದರು.

ಆಮೇಲೆ ಗುರುತಿನ ಮಾತು ಬಂತು. ಸಂತೆಯ ದಿನ ಸೌಡಿಗಳೆಲ್ಲ ಉಪ್ಪು, ಎಣ್ಣೆ ಕೊಳ್ಳಲು ಬಂದಾಗ ಕಚೇರಿಯ ಹಿಂದಿನ ಬೇವಿನ ಮರದ ಹತ್ತಿರ ನಿಲ್ಲುತ್ತಾರೆ. ಭೀಮಕ್ಕ ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಮಾತು ಹೇಳುತ್ತಾರೆ. ಒಬ್ಬರಿಗೆ ಜೀರಿಗೆ, ಒಬ್ಬರಿಗೆ ಅಗಸೆ. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಬಾರದು, ಬರೆದಿಡಬಾರದು, ಮುಂದಿನ ಸಂತೆಗೆ ಹಳೆಯದು ಸತ್ತಂತೆ. ಕಚೇರಿಯಿಂದ ಅಪ್ಪಣೆ ಬಂದಾಗ ಮೊದಲು ಆ ಮಾತು ಬರಬೇಕು. ಬರದಿದ್ದರೆ ಫೋನ್ ಇಟ್ಟುಬಿಡಬೇಕು, ಗೇಟು ಮುಟ್ಟಬಾರದು. ತಂತಿಯ ಮೇಲೆ ಒಮ್ಮೆ ಆಡಿದ ಮಾತನ್ನು ಎಲ್ಲರೂ ಕೇಳಿಸಿಕೊಂಡಿರುತ್ತಾರೆ, ಅದೂ ಎರಡನೇ ಸಲ ನಡೆಯುವುದಿಲ್ಲ. ಇನ್ನು ಹೆತ್ತಪ್ಪನೇ ಕೂಗಿದರೂ ಮಾತಿಲ್ಲದೆ ಗೇಟು ಮುಟ್ಟುವುದಿಲ್ಲ ಎಂದು ಸಣ್ಣಪ್ಪ ಅಂದಿದ್ದರು. ಭೀಮಕ್ಕ ಅವರನ್ನು ಎಲ್ಲರೆದುರು ಹೊಗಳಿದ್ದರು.

ಇಷ್ಟು ಹೊತ್ತಿಗೆ ಹೊರಗೆ ಬೆಳಕಾಗಿದೆ. ಗಂಟೆ ಬಡಿದುಕೊಳ್ಳುತ್ತದೆ. ಏಳನೇ ಗೇಟಿನ ನಾಗರಾಜಪ್ಪ ಏದುಸಿರು ಬಿಡುತ್ತಿದ್ದಾರೆ. ಏರಿಯ ಮೇಲೆ ನಡೆದು ನೋಡಿ ಬಂದರಂತೆ. ಗುಡಿಸಲುಗಳ ನೇರಕ್ಕೆ ಏರಿ ಒಂದು ಕಡೆ ಜರಿಯುತ್ತಿದೆ, ಕೆಂಪು ನೀರು ಕೆಳಗೆ ಇಳಿಯುತ್ತಿದೆ.

"ಆರನೇ ಗೇಟು ಇಳಿಸಲಿಲ್ಲ ಅಂದ್ರೆ ಏರಿ ಪೂರ್ತಿ ಹೋಗ್ತೈತೆ ಭೀಮಕ್ಕ. ನಾನು ಆ ಹೆಂಗಸರನ್ನ ಎಬ್ಬಿಸಾಕೆ ಹೋಗ್ತೀನಿ," ಎಂದು ಅವರು ಫೋನನ್ನು ಹಾಗೇ ಬಿಟ್ಟು ಓಡುತ್ತಾರೆ.

ಅಪ್ಪಣೆ ಕೊಡಬೇಕಾದ ಸಾಹೇಬರು ಇರುವುದು ಚನ್ನಗಿರಿಯಲ್ಲಿ. ಅಂಚೆ ಕಚೇರಿ ತೆರೆದು, ಟ್ರಂಕ್ ಕಾಲ್ ಸಿಕ್ಕಿ, ಅವರು ಹಾಸಿಗೆಯಿಂದ ಎದ್ದು ಬರುವಷ್ಟರಲ್ಲಿ ನಾಲೆಯೇ ಗದ್ದೆಗೆ ಬಂದಿರುತ್ತದೆ. ಭೀಮಕ್ಕ ಮೇಲಿನ ಐದು ಗೇಟುಗಳಿಗೆ ಅವರವರ ಗುರುತಿನ ಮಾತು ಹೇಳಿ, ನೀರು ತಗ್ಗಿಸಲು, ಹಳ್ಳಕ್ಕೆ ಬಿಡುವ ತೂಬು ತೆರೆಯಲು ಹೇಳುತ್ತಾರೆ. ಎಲ್ಲರೂ ಮರುಮಾತಿಲ್ಲದೆ ಒಪ್ಪುತ್ತಾರೆ. ಆದರೆ ಆಗಲೇ ನಾಲೆಯಲ್ಲಿರುವ ನೀರನ್ನು ತಡೆಯುವ ಗೇಟು ಒಂದೇ, ಅದು ಆರನೆಯದು.

ಅಷ್ಟರಲ್ಲಿ ಮಾರಪ್ಪ ಕಂಬದ ಮೇಲಿಂದ, ತಂತಿಗೆ ತನ್ನ ಕೈಫೋನ್ ಸಿಕ್ಕಿಸಿ ಮಾತಾಡುತ್ತಾನೆ. ಮಳೆಗೆ ಕೊಂಬೆ ಬಿದ್ದು ಕಂಬದ ಪಿಂಗಾಣಿ ಬಟ್ಟಲಿನ ಹತ್ತಿರ ತಂತಿ ತುಂಡಾಗಿತ್ತು, ಕೂಡಿಸಿದ್ದೇನೆ ಎನ್ನುತ್ತಾನೆ. ಆರನೇ ಗೇಟಿಗೆ ಓಡು ಎಂದು ಭೀಮಕ್ಕ ಹೇಳುತ್ತಾರೆ. ಅಲ್ಲಿಂದ ಇನ್ನೂ ಮೈಲಿಯ ಮೇಲಿದೆ, ಕೆಸರಿನಲ್ಲಿ ಸೈಕಲ್ ನಡೆಯುವುದಿಲ್ಲ. ಅವನು ಓಡುತ್ತಿರಲಿ ಎಂದು ಭೀಮಕ್ಕ ಆರು ಸಲ ಗಂಟೆ ಹೊಡೆಯುತ್ತಾರೆ.

ಸಣ್ಣಪ್ಪ ಎತ್ತುತ್ತಾರೆ. ಭೀಮಕ್ಕ "ಮೆಂತೆ" ಎಂದು ಗುರುತು ಹೇಳಿ, ಗೇಟು ಇಳಿಸಿರಿ ಎನ್ನುತ್ತಾರೆ. ಆ ಕಡೆ ಫೋನ್ ಇಟ್ಟ ಸದ್ದು.

ಆಗ ಭೀಮಕ್ಕನಿಗೆ ಹೊಳೆಯುತ್ತದೆ. ಸಣ್ಣಪ್ಪ ಈ ಸಲ ಸಂತೆಗೆ ಬಂದಿರಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿ ಕೀವಾಗಿದೆ ಎಂದು ಯಾರೋ ಹೇಳಿದ್ದರು. ಅವರ ಹೊಸ ಗುರುತು ಭೀಮಕ್ಕನ ನಾಲಿಗೆಯ ಮೇಲಿದೆ, ಅವರ ಕಿವಿಗೆ ಮುಟ್ಟಿಯೇ ಇಲ್ಲ. ಮತ್ತೆ ಗಂಟೆ ಹೊಡೆದು, ಹೋದ ವಾರದ ಮಾತು ಹೇಳುತ್ತಾರೆ. ಅದು ಶನಿವಾರವೇ ತಂತಿಯ ಮೇಲೆ ಬಂದುಹೋಯಿತು, ಯಾರು ಬೇಕಾದರೂ ಹೇಳಬಹುದು ಎಂದು ಹೇಳಿ ಸಣ್ಣಪ್ಪ ಮತ್ತೆ ಫೋನ್ ಇಡುತ್ತಾರೆ. ಅವರು ಮಾಡಿದ್ದು ಅಕ್ಷರಶಃ ಭೀಮಕ್ಕ ಕಲಿಸಿದ ಪಾಠ. ಇದೇ ಗೇಟು, ಇದೇ ಅಪ್ಪಣೆ, ಇದೇ ಪರಿಚಯದ ದನಿ. ಒಮ್ಮೆ ಸುಟ್ಟುಕೊಂಡ ಮನುಷ್ಯ ಹೇಗೆ ನಂಬಿಯಾರು? ಆದರೆ ತಗ್ಗಿನಲ್ಲಿರುವ ಗಿಡ್ಡಮ್ಮನ ಚಿಕ್ಕ ಕೂಸಿಗೆ ಇನ್ನೂ ನಡೆಯಲು ಬರುವುದಿಲ್ಲ.

ಮೂರನೇ ಸಲ ಗಂಟೆ ಹೊಡೆಯುತ್ತಾರೆ. ಎತ್ತಿದ ಸದ್ದು ಕೇಳಿದ್ದೇ ತಡ, ಉಸಿರು ಬಿಡದೆ ಮಾತಾಡುತ್ತಾರೆ.

"ಫೋನ್ ಇಡಬ್ಯಾಡ್ರಿ ಸಣ್ಣಪ್ಪಣ್ಣ. ನಾನು ಭೀಮಕ್ಕ ಅಂತ ನಂಬಬ್ಯಾಡ್ರಿ. ಗೇಟೂ ಮುಟ್ಟಬ್ಯಾಡ್ರಿ. ಗೇಟಿನ ಕೆಳಮಗ್ಗಲಿಗೆ ಅಳತೆಗಲ್ಲು ಐತಲ್ಲ, ಅದನ್ನ ನೋಡ್ಕಂಡು ಬರ್ರಿ. ರಾತ್ರಿ ಇದ್ದಷ್ಟೇ ನೀರಿದ್ರೆ ನಾನು ಕಳ್ಳಿ. ನೀವು ಗೇಟು ಮುಟ್ಟದೇ ಇಳಿದಿದ್ರೆ, ಅದು ಎಲ್ಲಿಗೆ ಹೋಯ್ತು ಅಂತ ನೀವೇ ಹೇಳ್ರಿ."

ಈ ಸಲ ಫೋನ್ ಇಟ್ಟ ಸದ್ದು ಇಲ್ಲ. ಕುಂಟುವ ಹೆಜ್ಜೆ ದೂರವಾಗುತ್ತದೆ. ಭೀಮಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದಾರೆ. ಮಳೆಯ ಸದ್ದು, ಎಲ್ಲೋ ಒಂದು ನಾಯಿ. ತಂಗಿಗೆ ಜಾಗ ತೋರಿಸಿದ ಕೈ ಹಿಡಿಕೆಯನ್ನು ಬಿಟ್ಟಿಲ್ಲ. ಸತ್ತ ಗಂಡನನ್ನು ನೆನೆಯುತ್ತಾರೆ, ಮನೆದೇವರನ್ನು ನೆನೆಯುತ್ತಾರೆ, ಸಣ್ಣಪ್ಪನ ಕಾಲನ್ನೂ ನೆನೆಯುತ್ತಾರೆ.

ಆಮೇಲೆ ತಂತಿಯಲ್ಲಿ ಕಿರ್ ಎಂಬ ಸದ್ದು ಬರುತ್ತದೆ. ಗೇಟಿನ ಕಬ್ಬಿಣದ ತಿರುಪು ಸುತ್ತುವ ಸದ್ದು. ಅದು ನಿಲ್ಲದೆ ಸಾಗುತ್ತದೆ.

ಅಂದು ಏರಿ ಒಡೆಯಿತು, ಆದರೆ ಪೂರ್ತಿ ಹೋಗಲಿಲ್ಲ. ಗುಡಿಸಲುಗಳಲ್ಲಿ ಮೊಳಕಾಲುದ್ದ ನೀರು ನಿಂತು ಅಕ್ಕಿ, ಬಟ್ಟೆ ತೊಯ್ದುಹೋದವು. ಎರಡು ಮೇಕೆ ಕೊಚ್ಚಿಹೋದವು. ನಾಗರಾಜಪ್ಪ ಎಬ್ಬಿಸಿದ ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು ದಿಬ್ಬ ಹತ್ತಿದ್ದರು. ಮಧ್ಯಾಹ್ನ ಹೊನ್ನಾಳಿಯಿಂದ ಮರಳಿನ ಚೀಲದ ಲಾರಿ ಬಂತು. ಗಿಡ್ಡಮ್ಮ ಮೈಯೆಲ್ಲ ಕೆಸರಾಗಿ ಕಚೇರಿಗೆ ಬಂದವಳೇ, ಬಲು ಒಳ್ಳೇ ಜಾಗ ತೋರಿಸಿದೆ ಅಕ್ಕ ಎಂದು ಬಾಯಿಗೆ ಬಂದಂತೆ ಬೈದಳು. ಬೈಯುವ ಬಾಯಿ ಇದೆಯಲ್ಲ ಎಂದು ಭೀಮಕ್ಕ ಅವಳನ್ನು ತಬ್ಬಿಕೊಂಡು ಅತ್ತರು. ನಾಟಿಯವರ ಗುಡಿಸಲುಗಳು ಈಗ ದಿಬ್ಬದ ಮೇಲಿವೆ.

ಏರಿ ಕಟ್ಟಿ ಮುಗಿಯಿತು. ನೀರು ಮತ್ತೆ ಹರಿಯುತ್ತಿದೆ. ಆದರೂ ಬೆಳಗ್ಗೆ ಆರನೇ ಗೇಟು ಓಗೊಡುವುದು ಒಂದಿಷ್ಟು ತಡವಾದರೆ ಭೀಮಕ್ಕ ಮತ್ತೆ ಮತ್ತೆ ಹಿಡಿಕೆ ತಿರುಗಿಸುತ್ತಾರೆ. ನಿದ್ದೆಯಲ್ಲೂ ಹಿಡಿಕೆ ತಿರುಗಿಸುತ್ತಾರೆಂದು ಪಕ್ಕದ ಮನೆಯವರು ಹೇಳುತ್ತಾರೆ. ಸಂತೆಗೆ ಬಾರದವರ ಮನೆ ಬಾಗಿಲಿಗೆ ಈಗ ಅವರೇ ನಡೆದು ಹೋಗಿ ಗುರುತು ಹೇಳಿ ಬರುತ್ತಾರೆ.

ಮೇಲಿನವರು ಸಣ್ಣಪ್ಪನಿಂದ ಸಮಜಾಯಿಷಿ ಕೇಳಿದ್ದಾರೆ. ಎರಡು ಸಲ ಅಪ್ಪಣೆ ಬಂದರೂ ಗೇಟು ಇಳಿಸಲಿಲ್ಲವೇಕೆ ಎಂದು. ಸಣ್ಣಪ್ಪ ಮತ್ತೆ ಮನೆಯಲ್ಲಿ ಕೂರಬೇಕಾಗುವುದೋ ಏನೋ ಎಂಬ ಚಿಂತೆ ಅವರಿಗಿಂತ ಭೀಮಕ್ಕನಿಗೇ ಹೆಚ್ಚು. ಪೇಪರಿನಲ್ಲಿ ನಿಮ್ಮ ವಿಷಯ ಏನು ಬರೆಯಲಿ ಎಂದು ನಾನು ಕೇಳಿದರೆ, ತಮ್ಮ ವಿಷಯ ಬೇಡ ಎನ್ನುತ್ತಾರೆ. ಸೆರಗಿನಿಂದ ಫೋನ್ ಪೆಟ್ಟಿಗೆಯ ಧೂಳು ಒರೆಸುತ್ತಾ ಹೇಳುತ್ತಾರೆ.

"ಸಣ್ಣಪ್ಪಣ್ಣ ಫೋನ್ ಇಟ್ಟಿದ್ದು ತಪ್ಪಲ್ಲ ಅಂತ ಬರೀರಿ. ಅವರಿಗೆ ಹಂಗೆ ಮಾಡಾಕೆ ಹೇಳಿದ್ದು ನಾನು. ನನ್ನ ತಂಗಿ ಅಲ್ಲಿದ್ಲು, ಆದ್ರೂ ಹೇಳ್ತೀನಿ, ನಾಳೆ ಗುರುತಿಲ್ದೆ ನಾನೇ ಕೂಗಿದ್ರೂ ಅವರು ಇಡಬೇಕು. ಇಟ್ಟ ಮ್ಯಾಲೆ ಒಂದು ಸಲ ಹೊರಗೆ ಹೋಗಿ ನೀರು ನೋಡಲಿ, ಅಷ್ಟು ಸಾಕು."