ಹದಿನೇಳು ಮೊಳೆ

ಊರಾಚೆಯ ಹಳೇ ಬಂಗಲೆ ಗ್ರಂಥಾಲಯವಾಗುತ್ತದೆ ಎಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಬಡಗಿ ಎಡಚಕ್ಕ. ಎಡಗೈಯಲ್ಲಿ ಸುತ್ತಿಗೆ ಹಿಡಿಯುವವಳಿಗೆ ಊರು ಕೊಟ್ಟ ಹೆಸರದು. ಆದರೆ ಎಂಜಿನಿಯರು ಬಂದು ನಡುಮನೆಯ ಮರದ ಮೆಟ್ಟಿಲ ಮೇಲೆ ಕಾಲಿಟ್ಟದ್ದೇ ತಡ, ಅದು ಗಡಗಡ ಅಲುಗಿತು.

"ಇದನ್ನ ಕಿತ್ತಾಕಿ. ಕಬ್ಬಿಣದ್ದು ಕೂರಿಸೋಣ."

ಆ ಮೆಟ್ಟಿಲನ್ನು ನೋಡಿಕೊಳ್ಳುತ್ತಿದ್ದವನು ಎಡಚಕ್ಕನ ಅಪ್ಪ. ಪ್ರತಿ ಬೇಸಿಗೆಯ ಕೊನೆಗೆ ಅದರಡಿ ಅಂಗಾತ ಮಲಗಿ, ಹಲಗೆಗಳನ್ನು ಹಿಡಿದಿಟ್ಟ ಬೆಣೆಗಳನ್ನು ಒಂದೊಂದಾಗಿ ತಟ್ಟಿ ಬಿಗಿ ಮಾಡುತ್ತಿದ್ದ. ಒಂದು ವರ್ಷ ಮೆಟ್ಟಿಲು ಸಡಿಲಾಗಿ ಬಂಗಲೆಯ ಯಜಮಾನರ ಕಾಲು ಉಳುಕಿತು. ಅಪ್ಪನನ್ನು ಕರೆಸಿ ಬೈದರು, ಮತ್ತೆ ಕರೆಯಲಿಲ್ಲ. "ಅವನ ಕೈ ಕೆಟ್ಟಿತು" ಎಂಬ ಮಾತು ಇಪ್ಪತ್ತು ವರ್ಷ ಊರೆಲ್ಲ ಓಡಾಡಿತು. ಅಪ್ಪ ತುಟಿಪಿಟಕ್ಕೆನ್ನಲಿಲ್ಲ.

ಮಗಳೂ ಅನ್ನಲಿಲ್ಲ. ಆ ವರ್ಷ ಅಪ್ಪನಿಗೆ ಜ್ವರ ಬಂದು, ಹೊಸದಾಗಿ ಉಳಿ ಹಿಡಿದಿದ್ದ ಅವಳೇ ಯಾರಿಗೂ ಹೇಳದೆ ಹೋಗಿದ್ದಳು. ಬೆಣೆ ತಟ್ಟಲು ಇಡೀ ದಿನ ಬೇಕು, ಮೊಳೆ ಹೊಡೆದರೆ ಒಂದೇ ಗಂಟೆ! ಹದಿನೇಳು ಮೆಟ್ಟಿಲಿಗೆ ಹದಿನೇಳು ಮೊಳೆ. ಅಬ್ಬಾ, ಎಂಥ ಜಾಣೆ! ಹಿಗ್ಗಿ ಕುಗ್ಗುವ ಮರವನ್ನು ಕಟ್ಟಿಹಾಕಿದರೆ ಅದು ಸುಮ್ಮನಿದ್ದೀತೇ? ಹಲಗೆ ಸೀಳಿತು, ಬೆಣೆಗಳು ಉದುರಿದವು.

ಈಗ ಎಂಜಿನಿಯರು ಬರುವ ಸುದ್ದಿ ಕೇಳಿ ಅಪ್ಪನೂ ಕೋಲೂರಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ. ಎಡಚಕ್ಕ ಎಂಜಿನಿಯರ ಎದುರಿಗೆ ಬಂದು ನಿಂತಳು.

"ಸಾರ್, ತಪ್ಪು ಮೆಟ್ಟಿಲದ್ದಲ್ಲ, ನಮ್ಮಪ್ಪನದ್ದೂ ಅಲ್ಲ. ಮೊಳೆ ಹೊಡೆದು ಕೆಡಿಸಿದವಳು ನಾನು. ನಾಲ್ಕು ದಿನ ಕೊಡಿ. ಆಮೇಲೂ ಅಲುಗಿದ್ರೆ ನಾನೇ ಕೊಡಲಿ ಹಾಕ್ತೀನಿ."

ಕೆಲಸಗಾರರೆಲ್ಲ ಕೈಗೆಲಸ ಬಿಟ್ಟು ನೋಡಿದರು. ಎಂಜಿನಿಯರು ಗಡಿಯಾರ ನೋಡಿಕೊಂಡರು. "ನಾಲ್ಕೇ ದಿನ."

ತುಕ್ಕು ಹಿಡಿದ ಮೊಳೆ ಕೀಳುವುದರಲ್ಲೇ ಎರಡು ದಿನ ಹೋಯಿತು. ಸೀಳಿದ ಹಲಗೆಗಳಿಗೆ ತೇಪೆ, ಆಮೇಲೆ ಹೊಸ ಬೆಣೆ. ಐದನೆಯ ದಿನ ಗಾರೆಯವರು, ಬಣ್ಣದವರು ಸೇರಿ ಮೂವತ್ತು ಜನರನ್ನು ಎಂಜಿನಿಯರು ಮೆಟ್ಟಿಲ ಮೇಲೆ ನಿಲ್ಲಿಸಿ, ತುದಿಯಲ್ಲಿ ಕಂಠಮಟ್ಟ ನೀರು ತುಂಬಿದ ಲೋಟ ಇಟ್ಟರು.

"ಹೂಂ, ಕುಣೀರಿ!"

ಕುಣಿದರು ನೋಡಿ! ಸೂರಿನ ಪಾರಿವಾಳಗಳು ಹಾರಿಹೋದವು. ಲೋಟದಿಂದ ಒಂದು ಹನಿ ಚೆಲ್ಲಲಿಲ್ಲ.

"ಕಬ್ಬಿಣ ಬೇಡ ಅಂತ ಫೋನ್ ಮಾಡ್ರಪ್ಪ" ಎಂದು ಎಂಜಿನಿಯರು ನಕ್ಕರು.

ಅಪ್ಪ ಕೋಲನ್ನು ಗೋಡೆಗೊರಗಿಸಿ, ಮಗಳ ಹೆಗಲು ಹಿಡಿದು ಹತ್ತತೊಡಗಿದ. ಅರ್ಧ ಹತ್ತಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. "ಅಪ್ಪಾ, ನಾನು ಆವತ್ತೇ ಹೇಳ್ಬೇಕಿತ್ತು."

"ನಂಗೊತ್ತಿತ್ತು ಕಣೆ. ಬೈಸಿಕೊಳ್ಳೋಕೆ ಹೋದಾಗಲೇ ಬಗ್ಗಿ ನೋಡಿದ್ದೆ. ಹದಿನೇಳು ಮೊಳೆಯೂ ಬಲಕ್ಕೇ ವಾಲಿದ್ವು, ಎಡಗೈ ಏಟು. ನಮ್ಮನೇಲಿ ಎಡಚಿ ಇನ್ಯಾರು?"

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ನನ್ನ ಕಾಲ ಮುಗೀತಾ ಬಂದಿತ್ತು. ಮೊದಲ ಕೆಲಸಕ್ಕೇ ನಿನ್ನ ಹೆಸರು ಕೆಟ್ಟಿದ್ರೆ ಯಾರು ಕರೀತಿದ್ರು ನಿನ್ನ?"

ಅವಳ ಕಣ್ಣು ತುಂಬಿ ಮೆಟ್ಟಿಲು ಮಂಜಾಯಿತು. ತುದಿ ತಲುಪಿದ ಅಪ್ಪ ಅಂಗಾಲಿನಿಂದ ಹಲಗೆಯನ್ನು ಧಪ್ಪೆಂದು ತುಳಿದು, ಕೆಳಗಿದ್ದವರಿಗೆಲ್ಲ ಕೇಳುವಂತೆ ಕೂಗಿದ:

"ನೋಡ್ರಯ್ಯಾ, ನನ್ನ ಮಗಳ ಕೆಲಸ!"