ವಿಭೂತಿ ಹಚ್ಚಿಸಿಕೊಂಡ ಪತಂಗಗಳು

ಕಿರ್ರ್, ಕಿರ್ರ್. ಒದ್ದೆ ಅರಿವೆಯಿಂದ ಗಾಜು ಉಜ್ಜುವ ಸದ್ದು. ಇವತ್ತು ನಮ್ಮ ಕಮಲಾಬಾಯಿ ಕಿಟಕಿ ಒರೆಸುವಾಗ ಅದು ಕೇಳಿ ನನ್ನ ಉಳಿದ ನಾಲ್ಕು ಹಲ್ಲೂ ಜುಮ್ಮೆಂದವು. ಸೇಡಂನ ಮನೆಯಲ್ಲಿ ಪ್ರತಿ ಅಮಾವಾಸ್ಯೆಗೆ ನನ್ನ ಅತ್ತೆ ಇದೇ ಸಂಗೀತ ನುಡಿಸುತ್ತಿದ್ದರು. ಗೋಡೆಯ ಫೋಟೋಗಳನ್ನೆಲ್ಲ ಇಳಿಸಿ, ಒರೆಸಿ, ಮೂರು ಬೆರಳಿನಿಂದ ವಿಭೂತಿ ಎಳೆದು ಮತ್ತೆ ಮೊಳೆಗೆ ಹಾಕುತ್ತಿದ್ದರು.

ಮದುವೆಯಾಗಿ ಬಂದಾಗ ನನ್ನ ಟ್ರಂಕಿನಲ್ಲಿ ಪತಂಗದ ಹುಳಗಳ ನಾಲ್ಕು ಚಿತ್ರಗಳಿದ್ದವು. ಕಾನ್ವೆಂಟಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಸಿಸ್ಟರ್ ಕೊಟ್ಟದ್ದು. ತಾಮ್ರದ ತಗಡಿನಲ್ಲಿ ಗೆರೆ ಕೊರೆದು ಅಚ್ಚು ಹಾಕಿ, ಒಂದೊಂದಕ್ಕೂ ಕೈಯಿಂದ ಬಣ್ಣ ತುಂಬಿದ ಹಳೆಯ ವಿಲಾಯತಿ ಎನ್‌ಗ್ರೇವಿಂಗ್‌ಗಳು. ‘ವೆರಿ ಡೆಲಿಕೇಟ್’ ಎಂದಿದ್ದರು ಸಿಸ್ಟರ್. ನನ್ನನ್ನೂ ಸೇರಿಸಿ ಹೇಳಿದರೆಂದು ಬಹಳ ವರ್ಷ ನಂಬಿದ್ದೆ.

ಅವಕ್ಕೆ ಗಾಜು ಹಾಕಿಸಿ ಆ ಫೋಟೋಗಳ ಸಾಲಿನಲ್ಲೇ ಗೋಡೆಗೆ ತೂಗಿಸಿದೆ. ನಮ್ಮ ಕಡೆ ಗಾಜಿನ ಚೌಕಟ್ಟಿನೊಳಗೆ ಸೇರಲು ದೇವರಾಗಿರಬೇಕು, ಇಲ್ಲವೇ ಸತ್ತಿರಬೇಕು. ಪತಂಗಗಳು ಎರಡನೆಯ ಕ್ವಾಲಿಫಿಕೇಶನ್ ಮೇಲೆ ಪಾಸಾಗಿ, ಹಣೆ ಇಲ್ಲದಿದ್ದರೂ ವಿಭೂತಿ ಹಚ್ಚಿಸಿಕೊಂಡವು. ಚಿತ್ತಾಪುರದಿಂದ ಬಂದ ಬೀಗರೊಬ್ಬರು, “ಇವ್ರು ನಿಮ್ಮ ತವರಮನಿ ಕಡೆಯವರೇನ್ರಿ?” ಎಂದು ನನ್ನನ್ನು ಕೇಳಿದ್ದೂ ಉಂಟು.

ಒಂದು ಅಮಾವಾಸ್ಯೆ ಅತ್ತೆಯ ಕೈ ಕಂದು ಪತಂಗವೊಂದರ ಮೇಲೆ ನಿಂತಿತು.

“ಇದರ ಬಣ್ಣ ತಪ್ಪೇದ ನೋಡವ್ವ. ನಮ್ಮ ಕಣಗಿಲ ಗಿಡದಾಗ ಕುಂದರ್ತದಲ್ಲ, ಅದೇ ಹುಳ ಇದು. ಹಸರು ಇರ್ತದ.”

“ಅತ್ತಿ, ಇದು ಲಂಡನ್‌ದಾಗ ಮಾಡಿದ್ದದ್ರಿ.”

“ಲಂಡನ್‌ದಾಗ ಕಣಗಿಲ ಗಿಡ ಅದಾವೇನು?”

ಇಂಥ ಪ್ರಶ್ನೆ ನನ್ನ ಸಿಲಬಸ್ಸಿನಲ್ಲಿರಲಿಲ್ಲ. ಚೌಕಟ್ಟನ್ನು ಅವರ ಕೈಯಿಂದ ತೆಗೆದುಕೊಂಡು ಮತ್ತೆ ಮೊಳೆಗೆ ಹಾಕಿದೆ. ಮುಂದೆ ನಾನು ವಾಡಿಗೆ ಒಂದು ತೊಟ್ಟಿಲ ಕಾರ್ಯಕ್ಕೆ ಹೋಗಿ ಬರುವುದರೊಳಗೆ ಅತ್ತೆ ಚೌಕಟ್ಟಿನ ಮೊಳೆ ಕಿತ್ತು, ಅವರೆ ಎಲೆಯ ರಸದಿಂದ ಪತಂಗವನ್ನು ಹಸಿರು ಮಾಡಿ, ರೆಕ್ಕೆಯ ಮೇಲೆ ಕುಂಕುಮದ ನೀರಿನಿಂದ ಗುಲಾಬಿ ಪಟ್ಟೆ ಎಳೆದಿದ್ದರು. “ಈಗ ಬರೋಬ್ಬರಿ ಆತು!”

ನಾನು ಮೊದಲು ಇಂಗ್ಲಿಷಿನಲ್ಲಿ ಬೈದೆ, ಅವರಿಗೆ ತಿಳಿಯಲಿಲ್ಲ. ಆಮೇಲೆ ಕನ್ನಡದಲ್ಲಿ ಅಂದೆ: “ಓದಾಕ ಬರಲಾರದವರು ಇಂಥವನ್ನ ಮುಟ್ಟಬಾರದು.” ಅದು ತಿಳಿಯಿತು. ಅಂದಿನಿಂದ ಅವರು ನನ್ನ ಚಿತ್ರಗಳನ್ನು ಮುಟ್ಟಲಿಲ್ಲ, ನನ್ನನ್ನು ‘ಅವ್ವ’ ಎಂದು ಕರೆಯಲಿಲ್ಲ. ಹನ್ನೊಂದು ವರ್ಷ ಇಬ್ಬರೂ ಎಷ್ಟು ಪೊಲೈಟಾಗಿ ಬದುಕಿದೆವೆಂದರೆ, ಸಿಸ್ಟರ್ ನೋಡಿದ್ದರೆ ಮೆಡಲ್ ಕೊಡುತ್ತಿದ್ದರು.

ಆಮೇಲೆ ಅತ್ತೆ ಬಿದ್ದು ಸೊಂಟ ಮುರಿದುಕೊಂಡು ಶಹಾಬಾದಿನ ಮಗಳ ಮನೆ ಸೇರಿದರು. ಪೂಜೆಗೆ ಹೂವು ಕೀಳುವ ಕೆಲಸ ನನಗೆ ಬಂತು. ಒಂದು ಬೆಳಿಗ್ಗೆ ಕಣಗಿಲೆಯ ಎಲೆಗೆ ಅಂಟಿಕೊಂಡು ಅದು ಕೂತಿತ್ತು. ಅಚ್ಚ ಹಸಿರು. ಗುಲಾಬಿ ಪಟ್ಟೆ ಕೂಡ ಅತ್ತೆ ಎಳೆದಿದ್ದ ಜಾಗದಲ್ಲೇ. ಒಣಗಿ ಬಣ್ಣಗೆಟ್ಟ ಹುಳ ನೋಡಿ ಕಂದು ತುಂಬಿದ್ದರೇನೋ ಪಾಪ, ಆ ವಿಲಾಯತಿಯವರು. ನೀವೇ ಹೇಳಿ, ನನಗೇನು ಎಕ್ಸ್‌ಕ್ಯೂಸ್ ಇತ್ತು?

ಅದೇ ದಿನ ಶಹಾಬಾದಿನ ಬಸ್ ಹತ್ತಿದೆ. ಅತ್ತೆ ಗೋಡೆಗೆ ಒರಗಿ ಕೂತಿದ್ದರು. ದಾರಿಯುದ್ದಕ್ಕೂ ರಿಹರ್ಸಲ್ ಮಾಡಿದ ಮಾತಿನಲ್ಲಿ ಇಷ್ಟೇ ಹೊರಬಂತು:

“ಅತ್ತಿ, ನೀವು ಹೇಳಿದ್ದು ಖರೆ ಇತ್ರಿ.”

“ಯಾವ್ದು? ನಾ ಭಾಳ ಹೇಳೀನಿ.”

“ಎಲ್ಲಾ, ಅತ್ತಿ.”

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಇಷ್ಟ್ ತಿಳೀಲಿಕ್ಕ ಎಷ್ಟ್ ಓದಬೇಕಾತು ನನ್ನವ್ವ!” ಎಂದು, ನೋವಿಗೆ ಹಲ್ಲು ಕಚ್ಚಿಕೊಂಡೇ ಪಕ್ಕಕ್ಕೆ ಸರಿದು, ಹಾಸಿಗೆಯಲ್ಲಿ ನನಗೆ ಜಾಗ ಮಾಡಿದರು. ಕೊನೆಯ ಬಸ್ಸಿನ ಹೊತ್ತಾಗುವವರೆಗೆ ಅಲ್ಲೇ ಕೂತಿದ್ದೆ. ಮತ್ತೆ ಅವರನ್ನು ಜೀವಂತ ನೋಡಲಿಲ್ಲ.